16,000 ರೂಪಾಯಿ ಪಿಟೀಲು ತಂತಿಗೆ 12,365 ಕಸ್ಟಮ್ಸ್ ಕಟ್ಟಿದೆ, ಈ ಲೆಕ್ಕ ಯಾರಿಗಾದ್ರೂ ಅರ್ಥ ಆಗುತ್ತಾ?

ಪಿಟೀಲು_ಮೈಸೂರು (ಆಗಸ್ಟ್ 2024)
ಎಲ್ರಿಗೂ ನಮಸ್ಕಾರ. ತುಂಬಾ ಬೇಜಾರಲ್ಲಿ ಬರೀತಿದ್ದೀನಿ, ಉದ್ದ ಆದ್ರೂ ಓದಿ ದಯವಿಟ್ಟು. ನಾನು ಮೈಸೂರಲ್ಲಿ ಮನೇಲೇ ಪಿಟೀಲು ಪಾಠ ಹೇಳ್ಕೊಡ್ತೀನಿ. ಇಲ್ಲಿ ಸಿಗೋ ಕಮ್ಮಿ ರೇಟಿನ ತಂತಿ ಎರಡು ತಿಂಗಳಿಗೆ ನಾದ ಸತ್ತು ಹೋಗುತ್ತೆ, ಅದರಲ್ಲೂ ಮಂದ್ರದ ತಂತಿ ಅಂತೂ ಮಳೆಗಾಲದಲ್ಲಿ ಹಿಡಿದ ಶ್ರುತಿಲಿ ನಿಲ್ಲೋದೇ ಇಲ್ಲ. ಅದಕ್ಕೆ ವಿಯೆನ್ನಾದಲ್ಲಿ ತಯಾರಾಗೋ ತಂತಿ ಮೂರು ಸೆಟ್, ಜರ್ಮನಿಯ ಒಂದು ಅಂಗಡಿಯಿಂದ ಆನ್‌ಲೈನಲ್ಲಿ ಆರ್ಡರ್ ಮಾಡ್ದೆ. ತಂತಿಗೆ 150 ಯೂರೋ, ಕಳ್ಸೋ ಖರ್ಚು 24 ಯೂರೋ, ನಮ್ಮ ದುಡ್ಡಲ್ಲಿ ಎಲ್ಲಾ ಸೇರಿ ಹತ್ತತ್ರ 16,000. ಮೂರರಲ್ಲಿ ಒಂದು ನಂಗೆ, ಇನ್ನೆರಡು ನನ್ ಶಿಷ್ಯರಿಗೆ. ಅವರಲ್ಲಿ ಒಬ್ಳು ಪ್ರತಿ ಶನಿವಾರ ಹುಣಸೂರಿಂದ ಬಸ್ಸಲ್ಲಿ ಬರ್ತಾಳೆ, ಅವರಮ್ಮ ಟೈಲರಿಂಗ್ ದುಡ್ಡಲ್ಲಿ ಸೆಟ್ಟಿನ ಕಾಸು ಮೊದ್ಲೇ ನನ್ ಕೈಲಿ ಕೊಟ್ಟಿದ್ರು.

ಪಾರ್ಸೆಲ್ 19 ದಿನ ಕಸ್ಟಮ್ಸಲ್ಲೇ ಇತ್ತು. ಟ್ರ್ಯಾಕಿಂಗಲ್ಲಿ ದಿನಾ ಅದೇ ಒಂದು ಸಾಲು, ಬೆಳಿಗ್ಗೆ ಎದ್ದು ಕಾಫಿಗೆ ಇಡೋಕೂ ಮುಂಚೆ ಅದನ್ನೇ ನೋಡ್ತಿದ್ದೆ. ಹೋದ ಮಂಗಳವಾರ ಪೋಸ್ಟ್‌ಮ್ಯಾನ್ ಬಂದು ಮೇಡಂ 12,365 ಕಟ್ಬೇಕು ಅಂದ್ರು. ನಂಗೆ ಮೊದ್ಲು 1,236 ಅಂತ ಕೇಳಿಸ್ತು. ಆಮೇಲೆ ಚೀಟಿ ತೋರಿಸಿದ್ರು. ಮನೇಲಿ ಅಷ್ಟು ಕ್ಯಾಶ್ ಇರ್ಲಿಲ್ಲ, ಪಾಪ ಅವ್ರು ನಾಳೆ ಬರ್ತೀನಿ ಅಂತ ವಾಪಸ್ ತಗೊಂಡು ಹೋದ್ರು. ಮಾರನೇ ದಿನ ಎಟಿಎಮ್ಮಿಂದ ತಂದು ಕಟ್ಟಿದೆ. ಡಬ್ಬದ ಒಂದು ಅಂಚನ್ನ ಬ್ಲೇಡಲ್ಲಿ ಕುಯ್ದು ಮತ್ತೆ ಟೇಪ್ ಸುತ್ತಿದ್ರು. ಒಳಗೆ ಅಂಗಡಿ ಬಿಲ್ಲು ನಾಲ್ಕು ಮಡಿಕೆ ಆಗಿತ್ತು, 174 ಅನ್ನೋ ಅಂಕಿ ಸುತ್ತ ಯಾರೋ ನೀಲಿ ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ಅಷ್ಟೇ. ಯಾವ ದರ, ಯಾವ ಲೆಕ್ಕ, ಯಾಕಿಷ್ಟು, ಒಂದು ಸಾಲೂ ಇಲ್ಲ.

ತೆರಿಗೆ ಕಟ್ಟಲ್ಲ ಅಂತ ನಾನು ಹೇಳ್ತಿಲ್ಲ. ಆರ್ಡರ್ ಮಾಡೋವಾಗ್ಲೇ ಇಷ್ಟಾಗುತ್ತೆ ಅಂತ ಗೊತ್ತಿದ್ದಿದ್ರೆ ಒಂದೇ ಸೆಟ್ ತರಿಸ್ತಿದ್ದೆ. ಈಗ ಆ ಹುಡುಗಿ ಅಮ್ಮನ ಹತ್ರ ಹೋಗಿ ಇನ್ನೂ 4,000 ಕೊಡಿ ಅಂತ ಹೇಗೆ ಕೇಳ್ಲಿ?

ಹಳೇಪುಸ್ತಕ_ಶಿವಮೊಗ್ಗ
ಅಯ್ಯೋ ಮೇಡಂ. 19 ದಿನ ಅಂದ್ರೆ ಬೇಗ ಬಂತು ಅನ್ಕೊಳ್ಳಿ, ನಂದೊಂದು ಪಾರ್ಸೆಲ್ ಎರಡು ತಿಂಗಳಾಯ್ತು ಬಂದಿಲ್ಲ.

ಹುಬ್ಬಳ್ಳಿ_ಕ್ಯಾಮೆರಾ
ನೋಡ್ರಿ ಅಕ್ಕಾರ, ನಿಮಗರ ಕಟ್ಟೂಕಿಂತ ಮೊದಲ ಹೇಳಿದ್ರು, ನನಗ ಸಾಮಾನು ಕೈಗೆ ಕೊಟ್ಟ ಮೂರು ವಾರದ ಮ್ಯಾಲ ಬಿಲ್ ಕಳಿಸ್ಯಾರ. ಜಪಾನಿಂದ ಹಳೇ ಫಿಲ್ಮ್ ಕ್ಯಾಮೆರಾದ ಲೆನ್ಸ್ ತರಿಸಿದ್ದೆ, ಕೊರಿಯರ್‌ನಾಗ ಬಂತು. ಹುಡುಗ ಸಹಿ ತಗೊಂಡು ಕೊಟ್ಟು ಹೋದ, ಒಂದು ಪೈಸಾನೂ ಕೇಳಲಿಲ್ಲ, ನಾ ಅಂದ್ಕೊಂಡೆ ಸುಂಕ ಬಿದ್ದಿಲ್ಲ ಅಂತ. ಆಮ್ಯಾಲ ಮೇಲ್ ಬಂತು, ನಿಮ್ಮ ಪರವಾಗಿ ನಾವು ಡ್ಯೂಟಿ ಕಟ್ಟೀವಿ, ಅದನ್ನ ಕೊಡ್ರಿ, ಮ್ಯಾಲ ಮುಂಗಡ ಕಟ್ಟಿದ್ದಕ್ಕ ನಮ್ಮ ಫೀ ಕೊಡ್ರಿ, ಆ ಫೀಗೆ 18 ಪರ್ಸೆಂಟ್ ಜಿಎಸ್‌ಟಿ ಕೊಡ್ರಿ. ನಾ ಯಾವಾಗ ಕೇಳೀನಿ ಇವರಿಗೆ ನನ್ನ ಪರವಾಗಿ ಕಟ್ರಿ ಅಂತ?

ಇನ್ನೊಂದು ಹೇಳತೀನಿ, ಇದು ನನ್ನ ಕಡೆ ತಪ್ಪು ಅಲ್ಲ ಆದ್ರೂ ಅನುಭವಿಸಿದಾಂವ ನಾನ. ಮಾರಿದಾಂವ ನನಗ ಉಪಕಾರ ಮಾಡ್ತೀನಂತ ತಿಳಕೊಂಡು ಡಬ್ಬದ ಮ್ಯಾಲ ಗಿಫ್ಟ್, 20 ಡಾಲರ್ ಅಂತ ಬರದು ಕಳಿಸಿದ್ದ. ಕಸ್ಟಮ್ಸ್‌ದವ್ರು ಅದನ್ನ ಒಪ್ಪಲಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಸ್ರಿ, ಪೇಮೆಂಟ್ ಪ್ರೂಫ್ ಕಳಸ್ರಿ, ಆಧಾರ್ ಕಳಸ್ರಿ ಅಂತ ಮೇಲ್ ಮ್ಯಾಲ ಮೇಲ್. ಹತ್ತು ದಿನ ಅದರಾಗ ಹೋತು. ಈಗ ಎಲ್ಲೇ ತಗೊಂಡ್ರೂ ಮೊದಲ ಬರದ ಹೇಳತೀನಿ, ನಿಜವಾದ ರೇಟ್ ಹಾಕಪಾ, ಗಿಫ್ಟ್ ಅಂತ ಬರೀಬ್ಯಾಡ ಅಂತ.

ಕ್ಲಿಯರಿಂಗ್_ಬೆಂಗ್ಳೂರು
ನಾನು ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಲ್ಲಿ 11 ವರ್ಷದಿಂದ ಕೆಲ್ಸ ಮಾಡ್ತಿದ್ದೀನಿ, ಮೇಡಂ ಕೇಳಿದ ಲೆಕ್ಕ ನಾನು ಹೇಳ್ತೀನಿ, ಪೇಪರ್ ಪೆನ್ನು ಇಟ್ಕೊಳ್ಳಿ.

ಸ್ವಂತ ಬಳಕೆಗೆ ಅಂತ ಪೋಸ್ಟಲ್ಲೋ ವಿಮಾನದಲ್ಲೋ ಬರೋ ಸಾಮಾನಿಗೆ ಟ್ಯಾರಿಫಲ್ಲಿ, ಅಂದ್ರೆ ಸುಂಕದ ದರಪಟ್ಟೀಲಿ, ಬೇರೇನೇ ಒಂದು ಶೀರ್ಷಿಕೆ ಇದೆ, 9804. ಅದರಲ್ಲಿ ತಂತಿ, ಲೆನ್ಸು, ಪೆನ್ನು ಅಂತ ಭೇದ ಇಲ್ಲ, ಬಹುಪಾಲು ಸಾಮಾನಿಗೆ ಒಂದೇ. ಮೂಲ ಸುಂಕ 35 ಪರ್ಸೆಂಟ್. ನಿಮ್ಮ 16,000ಕ್ಕೆ 5,600 ಆಯ್ತು. ಆ ಸುಂಕದ ಮೇಲೆ 10 ಪರ್ಸೆಂಟ್ ಸಮಾಜ ಕಲ್ಯಾಣ ಸರ್ಚಾರ್ಜ್, ಅದು 560. ಈಗ 16,000 ಪ್ಲಸ್ 5,600 ಪ್ಲಸ್ 560, ಅಂದ್ರೆ 22,160. ಐಜಿಎಸ್‌ಟಿ, ಅಂದ್ರೆ ಹೊರಗಿಂದ ಬರೋ ಸಾಮಾನಿನ ಮೇಲಿನ ಜಿಎಸ್‌ಟಿ, 28 ಪರ್ಸೆಂಟ್ ಹಾಕೋದು ಈ 22,160ರ ಮೇಲೆ, ನಿಮ್ಮ 16,000ದ ಮೇಲಲ್ಲ. ಅದು 6,205. ಎಲ್ಲಾ ಕೂಡಿ, 12,365. ಒಟ್ಟು 77.28 ಪರ್ಸೆಂಟ್. ಅಧಿಕಾರಿ ಒಂದ್ರೂಪಾಯಿನೂ ತಪ್ಪು ಹಾಕಿಲ್ಲ.

ಇನ್ನು ಪೋಸ್ಟೇಜ್ 24 ಯೂರೋ ಯಾಕೆ ಸೇರಿಸಿದ್ರು ಅಂತ ಕೇಳ್ತೀರ. ನಮ್ಮಲ್ಲಿ ಸುಂಕದ ಬೆಲೆ ಅಂದ್ರೆ ಸಾಮಾನಿನ ಬೆಲೆ, ಇನ್ಶೂರೆನ್ಸು, ಸಾಗಾಣಿಕೆ, ಮೂರೂ ಸೇರಿದ್ದು. ಬಿಲ್ಲಲ್ಲಿ ಸಾಗಾಣಿಕೆ ಖರ್ಚೇ ಬರೆದಿಲ್ಲ ಅಂದ್ರೆ ಸಾಮಾನಿನ ಬೆಲೆಯ 20 ಪರ್ಸೆಂಟ್ ಅಂತ ಅವ್ರೇ ಹಿಡ್ಕೊಳ್ಳಬಹುದು, ಹಂಗಾಗಿ ಕಮ್ಮಿ ಪೋಸ್ಟೇಜಲ್ಲಿ ಬಂದಿದ್ರೆ ಅದನ್ನ ಬಿಲ್ಲಲ್ಲಿ ಬರೆಸೋದೇ ನಿಮಗೆ ಒಳ್ಳೇದು.

ಪಿಟೀಲು_ಮೈಸೂರು
ತುಂಬಾ ಥ್ಯಾಂಕ್ಸ್ ಸರ್. ಇಷ್ಟನ್ನ ಆ ಚೀಟಿ ಹಿಂದೆ ನಾಲ್ಕು ಸಾಲಲ್ಲಿ ಪ್ರಿಂಟ್ ಮಾಡಿದ್ರೆ ನಾನು ಎರಡು ರಾತ್ರಿ ನಿದ್ದೆಗೆಡ್ತಿರ್ಲಿಲ್ಲ. ಒಂದು ಪ್ರಶ್ನೆ, ಅಂಗಡಿಯವ್ರು ಇದೇ ತಂತಿ ತರಿಸಿದ್ರೂ 77 ಕಟ್ತಾರಾ?

ಕ್ಲಿಯರಿಂಗ್_ಬೆಂಗ್ಳೂರು
ಇಲ್ಲ ಮೇಡಂ. ವ್ಯಾಪಾರಕ್ಕೆ ತರಿಸೋರಿಗೆ ಆಯಾ ವಸ್ತುವಿನ ಶೀರ್ಷಿಕೆಯ ದರ ಬೀಳುತ್ತೆ, ಬಹಳಷ್ಟು ವಸ್ತುಗಳಿಗೆ ಅದು 35ಕ್ಕಿಂತ ಕಮ್ಮಿ. ಮೇಲಾಗಿ ಕಟ್ಟಿದ ಐಜಿಎಸ್‌ಟಿನ ಅವ್ರು ಇನ್‌ಪುಟ್ ಕ್ರೆಡಿಟ್ ಆಗಿ, ಅಂದ್ರೆ ತಾವು ಕಟ್ಬೇಕಾದ ಜಿಎಸ್‌ಟಿಲಿ, ವಾಪಸ್ ಹೊಂದಿಸ್ಕೊಳ್ತಾರೆ. ನೀವು ಕಟ್ಟಿದ್ದು ಕಟ್ಟಿದ್ದೇ.

ಆದ್ರೆ ಒಂದು ಮಾತು, ಬೇಜಾರ್ ಮಾಡ್ಕೋಬೇಡಿ. ಶಿಷ್ಯರಿಗೆ ಎರಡು ಸೆಟ್, ಅವ್ರಿಂದ ದುಡ್ಡು ತಗೊಂಡೆ ಅಂದ್ರಿ. ನೀವು ಲಾಭ ಇಟ್ಕೊಂಡಿಲ್ಲ ಅಂತ ನಂಗೊತ್ತು, ಆದ್ರೆ ಕಾಗದದ ಮೇಲೆ ಅದು ಸ್ವಂತ ಬಳಕೆ ಹೌದೋ ಅಲ್ವೋ ಅನ್ನೋ ಪ್ರಶ್ನೆ ಏಳುತ್ತೆ. ಮಾರಾಟಕ್ಕೆ ಅಂತ ಅವ್ರು ಹಿಡಿದ್ರೆ ಐಇಸಿ, ಅಂದ್ರೆ ಆಮದು ರಫ್ತು ಮಾಡೋರಿಗೆ ಇರೋ ನಂಬರ್ ಕೇಳ್ತಾರೆ, ಅದಿಲ್ಲದಿದ್ರೆ ಪಾರ್ಸೆಲ್ ಅಲ್ಲೇ ಕೂರುತ್ತೆ. ಇನ್ಮೇಲೆ ಅವರವರ ಹೆಸರಲ್ಲಿ ಒಂದೊಂದು ಸೆಟ್ ತರಿಸಿ.

ಪಿಟೀಲು_ಮೈಸೂರು
ಬೇಜಾರಿಲ್ಲ ಸರ್, ಸರಿಯಾಗೇ ಹೇಳಿದ್ರಿ. ಪೋಸ್ಟೇಜ್ ಮೂರು ಭಾಗ ಆಗ್ಲಿ ಅನ್ನೋದೊಂದೇ ಯೋಚನೆ ಇತ್ತು ನನ್ ತಲೇಲಿ.

ಚನ್ನಪಟ್ಣದವ
ನಾನು ಸ್ವಲ್ಪ ಬೇರೆ ಮಾತಾಡ್ತೀನಿ, ಯಾರೂ ತಪ್ಪು ತಿಳ್ಕೋಬೇಡಿ. ನಮ್ದು ಮೂರು ತಲೆಮಾರಿನ ಗೊಂಬೆ ಕೆಲ್ಸ. ಆಲೆ ಮರ ತಂದು ಒಣಗ್ಸಿ, ಲೇತಿಗೆ ಹಾಕಿ, ಅರಗಿನ ಬಣ್ಣದ ಕಡ್ಡಿ ಹಿಡಿದು ತಿರುಗ್ಸಿ, ಕೊನೆಗೆ ತಾಳೆ ಗರಿಲಿ ಉಜ್ಜಿ ಹೊಳಪು ತರ್ಬೇಕು, ಒಂದು ಗಿಲಕಿಗೆ ಎಷ್ಟು ಹೊತ್ತು ಹಿಡಿಯುತ್ತೆ ನೀವೇ ಲೆಕ್ಕ ಹಾಕಿ. 2018, 2019ರಲ್ಲಿ ಏನಾಗ್ತಿತ್ತು ಗೊತ್ತಾ, ಚೀನಾದ ಆ್ಯಪ್‌ಗಳಿಂದ ಪ್ಲಾಸ್ಟಿಕ್ ಗೊಂಬೆ ಗಿಫ್ಟ್ ಅಂತ ಬರೆಸ್ಕೊಂಡು ಸುಂಕ ಇಲ್ದೆ ಮನೆಮನೆಗೆ ಬರ್ತಿತ್ತು. 5,000 ರೂಪಾಯಿ ಒಳಗಿನ ಗಿಫ್ಟಿಗೆ ಸುಂಕ ಇರ್ಲಿಲ್ಲ ಆವಾಗ. ದುಡ್ಡು ಕೊಟ್ಟು ತಗೊಂಡಿದ್ದು ಗಿಫ್ಟ್ ಹೆಂಗಾಗುತ್ತೆ? 2019 ಡಿಸೆಂಬರಲ್ಲಿ ಅದನ್ನ ನಿಲ್ಲಿಸಿದ್ರು. 2020ರಲ್ಲಿ ಗೊಂಬೆ ಸುಂಕ 20ರಿಂದ 60 ಮಾಡಿದ್ರು, 2023ರಲ್ಲಿ 70. ಅದರಿಂದ ನಮ್ಮ ಕಡೆ ಉಸಿರಾಡೋ ಹಂಗಾಯ್ತು ಅನ್ನೋದು ನಿಜ. ಸುಂಕ ಬೇಡ ಅಂತ ಎಲ್ರೂ ಹೇಳ್ದಾಗ ನಮ್ಮಂಥೋರ ನೆನಪೂ ಇರ್ಲಿ.

ಪಿಟೀಲು_ಮೈಸೂರು
ಅಣ್ಣ, ನಿಮ್ಮ ಮಾತು ಪೂರ್ತಿ ಒಪ್ತೀನಿ, ನನ್ ಮಗಳು ಆಡಿದ್ದು ನಿಮ್ಮೂರಿನ ಗೊಂಬೇನೇ. ಆದ್ರೆ ಗೊಂಬೆ ಸುಂಕ ಹಾಕಿದ್ರೆ ಅದರ ಹಿಂದೆ ಚನ್ನಪಟ್ಣದ ಒಂದು ಕೈ ಇದೆ, ಅದಕ್ಕೊಂದು ಅರ್ಥ ಇದೆ. ಕಛೇರಿ ಗುಣಮಟ್ಟದ ಪಿಟೀಲು ತಂತಿಗೆ ಹಂಗೆ ಕಾಪಾಡ್ಬೇಕಾದ ಕೈ ನಮ್ಮಲ್ಲಿ ಯಾರ್ದಿದೆ? ಇದ್ದಿದ್ರೆ ಮೊದ್ಲು ಅವ್ರ ಹತ್ರಾನೇ ಹೋಗ್ತಿದ್ದೆ. ಚೌಡಯ್ಯನವರು ಏಳು ತಂತಿ ಪಿಟೀಲು ನುಡಿಸಿದ ಊರಲ್ಲೇ ಕೂತು ಪಾಠ ಮಾಡ್ತೀನಿ, ನಂಗೂ ಆ ಅಭಿಮಾನ ಇದೆ. ಎಲ್ಲಾ ಸಾಮಾನಿಗೂ ಒಂದೇ ಕೋಲಲ್ಲಿ ಅಳೆದ್ರೆ ಹೆಂಗೆ ಅನ್ನೋದಷ್ಟೇ ನನ್ ಪ್ರಶ್ನೆ.

ಚನ್ನಪಟ್ಣದವ
ಅದು ನ್ಯಾಯವಾದ ಮಾತು ಅಕ್ಕ. ನಮ್ಮ ಗೊಂಬೆ ಹೊರದೇಶಕ್ಕೆ ಹೋದಾಗ ಅಲ್ಲಿನವ್ರು ಸುಂಕ ಹಾಕಿದ್ರೆ ನಮಗೂ ಹಿಂಗೇ ಉರಿಯುತ್ತೆ.

ಮ್ಯಾಂಚೆಸ್ಟರ್_ಕನ್ನಡತಿ
ದಾವಣಗೆರೆಯವಳು, ಈಗ ಇಂಗ್ಲೆಂಡಲ್ಲಿದ್ದೀನಿ. ಇಲ್ಲೂ ಬಿಟ್ಟಿ ಏನಿಲ್ಲ, ಆದ್ರೆ ಮೊದ್ಲೇ ಗೊತ್ತಾಗುತ್ತೆ. 135 ಪೌಂಡ್ ಒಳಗಿನ ಸಾಮಾನು ಹೊರಗಿಂದ ತರಿಸಿದ್ರೆ 20 ಪರ್ಸೆಂಟ್ ವ್ಯಾಟ್ ಅಂಗಡಿಯವ್ರೇ ಬಿಲ್ ಮಾಡೋವಾಗ ತಗೋತಾರೆ, ಬಾಗಿಲ ಹತ್ರ ಯಾರೂ ದುಡ್ಡು ಕೇಳಲ್ಲ. ಗಿಫ್ಟ್ ಆದ್ರೆ 39 ಪೌಂಡ್ ತನಕ ಮಾಫಿ. ಅದರ ಮೇಲೆ ಹೋದ್ರೆ ತೆರಿಗೆ ಜೊತೆ ಅಂಚೆಯವ್ರ ಹ್ಯಾಂಡ್ಲಿಂಗ್ ಚಾರ್ಜ್ ಬೇರೆ. ನಮ್ಮಮ್ಮ ಒಂದ್ಸಲ ಸೀರೆ ಕಳಿಸಿ, ಮಗಳು ಒಳ್ಳೇ ಸೀರೆ ಅಂತ ತಿಳೀಲಿ ಅಂತ ನಿಜವಾದ ಬೆಲೆಗಿಂತ ಜಾಸ್ತಿ ಬರೆಸಿಬಿಟ್ಟಿದ್ರು. ಕಟ್ಟಿ ಬಿಡಿಸ್ಕೊಂಡೆ, ಅಮ್ಮಂಗೆ ಇವತ್ತಿಗೂ ಹೇಳಿಲ್ಲ.

ನಾನು ತಮ್ಮಂಗೆ ಪ್ರತಿ ವರ್ಷ ರಾಖಿ ಕಳಿಸ್ತೀನಿ, ಅದಕ್ಕೆ ಇವತ್ತಿನವರೆಗೂ ಏನೂ ಬಿದ್ದಿಲ್ಲ. ಹೋದ ವರ್ಷ ಅದರ ಜೊತೆ ಒಂದು ಚಾಕ್ಲೇಟ್ ಡಬ್ಬ ಇಟ್ಟೆ ನೋಡಿ, ನಿಲ್ಲಿಸಿದ್ರು. ಯಾಕೆ ಅಂತ ಗೊತ್ತಾ ಯಾರಿಗಾದ್ರೂ?

ಕ್ಲಿಯರಿಂಗ್_ಬೆಂಗ್ಳೂರು
ಚನ್ನಪಟ್ಣದವ್ರು ಹೇಳಿದ್ರಲ್ಲ, 2019 ಡಿಸೆಂಬರ್ ಆದೇಶ, ಅದೇ. ಗಿಫ್ಟ್ ಅಂತ ಸುಂಕ ಇಲ್ದೆ ಬರೋಕೆ ಅವಕಾಶ ಇರೋದು ಎರಡಕ್ಕೇ, ಜೀವರಕ್ಷಕ ಔಷಧಿ ಮತ್ತೆ ರಾಖಿ. ರಾಖಿ ಜೊತೆ ಬರೋ ಉಡುಗೊರೆ ಅದರಲ್ಲಿ ಸೇರಲ್ಲ ಅಂತ ಆದೇಶದಲ್ಲೇ ಬರೆದಿದ್ದಾರೆ. ಪೂರ್ತಿ ಸುಂಕ ಕಟ್ಟಿ ಗಿಫ್ಟ್ ತರಿಸ್ಕೊಳ್ಳೋಕೆ ಅಡ್ಡಿ ಇಲ್ಲ.

ಫ್ರಾಂಕ್‌ಫರ್ಟ್_ಗೌಡ
ಪಿಟೀಲು ಮೇಡಂ, ಒಂದು ವಿಷಯ ಚೆಕ್ ಮಾಡಿ. ಜರ್ಮನಿ ಅಂಗಡಿ ವೆಬ್‌ಸೈಟಲ್ಲಿ ತೋರ್ಸೋ ರೇಟಲ್ಲಿ ಇಲ್ಲಿನ 19 ಪರ್ಸೆಂಟ್ ವ್ಯಾಟ್ ಸೇರಿರುತ್ತೆ. ಯುರೋಪಿನ ಹೊರಗೆ ಕಳ್ಸೋ ಸಾಮಾನಿಗೆ ಅವ್ರು ಆ ವ್ಯಾಟ್ ಬಿಟ್ಟು ಬಿಲ್ ಮಾಡ್ಬಹುದು. ನಿಮ್ಮ ಬಿಲ್ಲಲ್ಲಿ 150 ಅನ್ನೋದು ವ್ಯಾಟ್ ಸೇರಿದ್ದಾ ಬಿಟ್ಟಿದ್ದಾ ನೋಡಿ.

ಪಿಟೀಲು_ಮೈಸೂರು
ನೋಡ್ದೆ ಗೌಡ್ರೆ. ಕೆಳಗೆ ಸಣ್ಣ ಅಕ್ಷರದಲ್ಲಿ 19 ಪರ್ಸೆಂಟ್ ಸೇರಿ ಅಂತಾನೇ ಇದೆ. ಅಂದ್ರೆ ತಂತಿ ಬೆಲೆ 126 ಆಗ್ಬೇಕಿತ್ತು. ಈಗ ಕೂತು ಲೆಕ್ಕ ಹಾಕಿದೆ, 126 ಪ್ಲಸ್ 24, 150 ಯೂರೋ, 92ರ ಲೆಕ್ಕದಲ್ಲಿ 13,800, ಅದಕ್ಕೆ 77.28 ಅಂದ್ರೆ 10,665. ಸುಂಕದಲ್ಲೇ 1,700 ಉಳೀತಿತ್ತು, ಜೊತೆಗೆ ವ್ಯಾಟ್ ಅಂತ ಅಂಗಡಿಗೆ ಕೊಟ್ಟ 24 ಯೂರೋ. ಅಂದ್ರೆ ಅವರ ದೇಶದ ತೆರಿಗೆ ಮೇಲೆ ನಮ್ಮ ದೇಶಕ್ಕೆ ತೆರಿಗೆ ಕಟ್ಟಿದ್ದೀನಿ ನಾನು. ಓದಿ ಕಣ್ಣಲ್ಲಿ ನೀರು ಬಂತು.

ಫ್ರಾಂಕ್‌ಫರ್ಟ್_ಗೌಡ
ಅಂಗಡಿಗೆ ಮೇಲ್ ಮಾಡಿ ಮೇಡಂ, ಕಸ್ಟಮ್ಸ್ ಚೀಟಿ ಫೋಟೋ ಜೊತೆಗೆ ಕಳ್ಸಿ. ಸಾಮಾನು ಯುರೋಪಿಂದ ಹೊರಗೆ ಹೋಗಿದ್ದಕ್ಕೆ ಅದೇ ಪುರಾವೆ, ಕೆಲವು ಅಂಗಡಿಯವ್ರು ವಾಪಸ್ ಕೊಡ್ತಾರೆ. ಜರ್ಮನ್ ಭಾಷೇಲಿ ಬರೀಬೇಕು ಅಂದ್ರೆ ನಂಗೆ ಮೆಸೇಜ್ ಹಾಕಿ, ಬರೆದು ಕೊಡ್ತೀನಿ.

ಹಳೇಪುಸ್ತಕ_ಶಿವಮೊಗ್ಗ
ನನ್ ಎರಡು ತಿಂಗಳ ಪಾರ್ಸೆಲ್ ಇವತ್ತು ಬಂತು. ಇಂಗ್ಲೆಂಡಿಂದ ಸೆಕೆಂಡ್ ಹ್ಯಾಂಡ್ ಪುಸ್ತಕ, ಕನ್ನಡ ವ್ಯಾಕರಣದ ಮೇಲೆ ನೂರು ವರ್ಷದ ಹಿಂದೆ ಪಾದ್ರಿಗಳು ಬರ್ದಿದ್ದು, ಇಲ್ಲಿ ಎಲ್ಲೂ ಸಿಗಲ್ಲ. ಅದಕ್ಕೂ 77 ಪರ್ಸೆಂಟ್ ಹಾಕಿದ್ದಾರೆ! ಪುಸ್ತಕಕ್ಕೂ ಹಿಂಗೇನಾ?

ಕ್ಲಿಯರಿಂಗ್_ಬೆಂಗ್ಳೂರು
ಕಟ್ಟಬೇಡಿ ಸರ್, ಸ್ವಲ್ಪ ತಡೀರಿ. ಮುದ್ರಿತ ಪುಸ್ತಕಕ್ಕೆ 2019 ಜುಲೈ ಬಜೆಟ್‌ವರೆಗೂ ಸುಂಕಾನೇ ಇರ್ಲಿಲ್ಲ, ಆಮೇಲೆ 5 ಪರ್ಸೆಂಟ್ ಹಾಕಿದ್ರು, ಸರ್ಚಾರ್ಜ್ ಸೇರಿ 5.5. ಪುಸ್ತಕಕ್ಕೆ ಐಜಿಎಸ್‌ಟಿ ಇಲ್ಲ. ಬಹುಶಃ ಹೊರಗಿನ ಲೇಬಲ್ಲಲ್ಲಿ ಪುಸ್ತಕ ಅಂತ ಬರೆಯದೆ ಬೇರೆ ಏನೋ ಬರೆದಿರ್ಬೇಕು. ಆ ಹಸಿರು ಲೇಬಲ್ಲು, ಸಿಎನ್ 22 ಅಂತಾರಲ್ಲ, ಅದರಲ್ಲಿ ಏನಿದೆ ನೋಡಿ.

ಹಳೇಪುಸ್ತಕ_ಶಿವಮೊಗ್ಗ
ಆ್ಯಂಟಿಕ್ ಐಟಂ ಅಂತ ಬರೆದಿದ್ದಾನೆ ಪುಣ್ಯಾತ್ಮ.

ಕ್ಲಿಯರಿಂಗ್_ಬೆಂಗ್ಳೂರು
ಅಲ್ಲೇ ಇದೆ ನೋಡಿ. ಪೋಸ್ಟಾಫೀಸಲ್ಲಿ ಡೆಲಿವರಿ ಹೋಲ್ಡ್ ಮಾಡಿ ಅಂತ ಬರೆದು ಕೊಡಿ, ಅಂಗಡಿ ಬಿಲ್ಲು, ಪುಸ್ತಕದ ಹೆಸರು ಇರೋ ಆರ್ಡರ್ ಪ್ರತಿ, ಟ್ರ್ಯಾಕಿಂಗ್ ನಂಬರ್ ಎಲ್ಲಾ ಇಟ್ಟು, ಸುಂಕ ಹಾಕಿದ ಕಸ್ಟಮ್ಸ್ ಆಫೀಸಿಗೆ ಮರು ಪರಿಶೀಲನೆ ಕೋರಿ ಅರ್ಜಿ ಹಾಕಿ. ಅಲ್ಲಿ ಆಗ್ಲಿಲ್ಲ ಅಂದ್ರೆ ಕಸ್ಟಮ್ಸ್ ಕಾಯ್ದೆ 128ನೇ ಸೆಕ್ಷನ್ನಲ್ಲಿ 60 ದಿನದೊಳಗೆ ಕಮಿಷನರ್ ಅಪೀಲ್ಸ್ ಹತ್ರ ಮೇಲ್ಮನವಿಗೆ ದಾರಿ ಇದೆ. ಫೋನಲ್ಲಿ ಜಗಳ ಆಡ್ಬೇಡಿ, ಅಲ್ಲಿರೋ ಕ್ಲರ್ಕ್ ಕೈಲಿ ಏನೂ ಇರಲ್ಲ, ಕಾಗದ ಮಾತ್ರ ಕೆಲ್ಸ ಮಾಡುತ್ತೆ.

ಮಂಗ್ಳೂರು_ಆಯ್ಷ
ಇಲ್ಲಿ ಯಾರೂ ಹೇಳ್ಲಿಲ್ಲ ಮಾರಾಯ್ರೆ, ಹಾಗಾಗಿ ನಾನು ಹೇಳ್ತೇನೆ. ಪಾರ್ಸೆಲ್ ಕಾಯ್ತಾ ಇರುವಾಗಲೇ ಮೋಸದವರ ಮೆಸೇಜ್ ಬರುವುದು. ನನ್ನ ಮಾವನಿಗೆ ಬಂದಿತ್ತು, ನಿಮ್ಮ ಪಾರ್ಸೆಲ್ ಅಡ್ರೆಸ್ ತಪ್ಪಿದೆ, 25 ರೂಪಾಯಿ ಕಟ್ಟಿ ಅಂತ ಒಂದು ಲಿಂಕ್. ಅದು ಆಗಿ ಎರಡು ದಿನಕ್ಕೆ ಒಂದು ವಿಡಿಯೋ ಕಾಲ್, ಯೂನಿಫಾರ್ಮ್ ಹಾಕಿದವ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಕ್ಯಾಮೆರಾ ಆಫ್ ಮಾಡಬಾರದು, ಮನೆಯವರಿಗೆ ಹೇಳಬಾರದು ಅಂತ. ಮಾವ 40 ನಿಮಿಷ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಅತ್ತೆ ಊಟಕ್ಕೆ ಕರೆಯಲು ಹೋಗಿ ಬಾಗಿಲು ಬಡಿದದ್ದು ಒಳ್ಳೆಯದಾಯ್ತು, ದುಡ್ಡು ಹೋಗ್ಲಿಲ್ಲ. ಈಗಲೂ ಗೊತ್ತಿಲ್ಲದ ನಂಬರ್ ಬಂದರೆ ಅವರ ಕೈ ನಡುಗುತ್ತದೆ. ಕಸ್ಟಮ್ಸ್‌ನವರು ಫೋನ್ ಮಾಡಿ ಯಾರದ್ದೋ ಖಾತೆಗೆ ದುಡ್ಡು ಹಾಕಿ ಅಂತ ಹೇಳುವುದಿಲ್ಲ. ಹಾಗೇನಾದರೂ ಆದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕ್ಲಿಯರಿಂಗ್_ಬೆಂಗ್ಳೂರು
ಬಹಳ ಒಳ್ಳೇ ಕೆಲ್ಸ ಮಾಡಿದ್ರಿ ಮೇಡಂ. ಇದಕ್ಕೊಂದು ಸೇರಿಸ್ತೀನಿ, 2019 ನವೆಂಬರ್‌ನಿಂದ ಇಲಾಖೆಯ ನೋಟಿಸು, ಸಮನ್ಸಿನಂಥ ಪತ್ರಗಳ ಮೇಲೆ ಡಿಐಎನ್ ಅಂತ ಒಂದು ನಂಬರ್ ಇರ್ಬೇಕು, ಅದನ್ನ ಕಸ್ಟಮ್ಸ್ ನೋಡ್ಕೊಳ್ಳೋ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟಲ್ಲಿ ಹಾಕಿದ್ರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ.

ಹಳೇಪುಸ್ತಕ_ಶಿವಮೊಗ್ಗ (ಅಕ್ಟೋಬರ್ 2024)
ಅರ್ಜಿ ಹಾಕಿ ಏಳು ವಾರ ಆದ್ಮೇಲೆ ಸರಿಯಾಯ್ತು. ಪುಸ್ತಕದ ದರಾನೇ ಹಾಕಿ ಹೊಸ ಚೀಟಿ ಬಂತು. ಕ್ಲಿಯರಿಂಗ್ ಸರ್, ನಿಮ್ಮ ಋಣ ತೀರಿಸೋಕಾಗಲ್ಲ. ಒಂದು ಪುಟದ ಅಂಚಲ್ಲಿ ಯಾರೋ ಪೆನ್ಸಿಲಲ್ಲಿ ಕನ್ನಡ ಅಕ್ಷರ ತಿದ್ದಿ ಕಲ್ತಿದ್ದಾರೆ, ಅ ಆ ಇ ಈ ಅಂತ, ಸೊಟ್ಟಸೊಟ್ಟ. ಅದನ್ನ ನೋಡಿ ಎಲ್ಲಾ ಮರೆತೆ.

ಹುಬ್ಬಳ್ಳಿ_ಕ್ಯಾಮೆರಾ
ಛಲೋ ಆತು ನೋಡ್ರಿ ಸರ!

ನ್ಯೂಜೆರ್ಸಿ_ಮಂಡ್ಯ (ಫೆಬ್ರವರಿ 2026)
ಹಳೇ ಥ್ರೆಡ್ ಮೇಲಕ್ಕೆ ತರ್ತಿದ್ದೀನಿ, ಯಾಕಂದ್ರೆ ಈ ಸಲದ ಬಜೆಟ್ಟಲ್ಲಿ ನಿಮ್ಮ ವಿಷಯ ಬಂತು. ಸ್ವಂತ ಬಳಕೆಗೆ ತರಿಸೋ ಸಾಮಾನಿನ ಮೂಲ ಸುಂಕ 20ರಿಂದ 10ಕ್ಕೆ ಇಳಿಸ್ತೀವಿ ಅಂದಿದ್ದಾರೆ. ನೀವೆಲ್ಲ ಇಲ್ಲಿ ಬರೀವಾಗ 35 ಇತ್ತು. ಹೋದ ಸೆಪ್ಟೆಂಬರಲ್ಲಿ ಜಿಎಸ್‌ಟಿಯ 28ರ ಹಂತ ಹೋದ್ಮೇಲೆ ಇದಕ್ಕೆ 18 ಆಗಿದೆ. ಹೊಸ ದರ ಬಂದ್ರೆ 77 ಇದ್ದಿದ್ದು 30ರ ಆಸುಪಾಸಿಗೆ ಬರುತ್ತೆ.

ನಮ್ಮ ಕಡೆ ಉಲ್ಟಾ ಆಗಿದೆ. ಅಮೆರಿಕದಲ್ಲಿ 800 ಡಾಲರ್ ತನಕ ಸುಂಕ ಇರ್ಲಿಲ್ಲ, 2025 ಆಗಸ್ಟ್ 29ಕ್ಕೆ ಅದನ್ನ ತೆಗೆದ್ರು. ಅದಕ್ಕೂ ನಾಲ್ಕು ದಿನ ಮುಂಚೆ ಇಂಡಿಯಾ ಪೋಸ್ಟಲ್ಲಿ ಇಲ್ಲಿಗೆ ಬಹುಪಾಲು ಪಾರ್ಸೆಲ್ ಬುಕಿಂಗ್ ನಿಂತಿತ್ತು. ನಮ್ಮಮ್ಮ ಗಣೇಶನ ಹಬ್ಬದ ಹಿಂದಿನ ದಿನ ಸಾರಿನ ಪುಡಿ, ಚಟ್ನಿಪುಡಿ, ಎರಡು ಕಾಟನ್ ಸೀರೆ ಕಟ್ಕೊಂಡು ಮಂಡ್ಯ ಪೋಸ್ಟಾಫೀಸಿಗೆ ಹೋಗಿ, ತಗೊಳ್ಳಲ್ಲ ಅಂದ್ರು ಅಂತ ಬಿಸ್ಲಲ್ಲಿ ವಾಪಸ್ ಹೊತ್ಕೊಂಡು ಬಂದ್ರು. ಅಕ್ಟೋಬರಲ್ಲಿ ಮತ್ತೆ ಶುರುವಾಯ್ತು, ಅಷ್ಟೊತ್ತಿಗೆ ಪುಡಿ ಎಲ್ಲಾ ಅಕ್ಕನ ಮನೆಗೆ ಹೋಗಿತ್ತು.

ಪಿಟೀಲು_ಮೈಸೂರು
ಬಜೆಟ್ ಸುದ್ದಿ ನಾನೂ ಕೇಳ್ದೆ, ಮೊದ್ಲು ಈ ಥ್ರೆಡ್ಡೇ ನೆನಪಾಯ್ತು. ಗೌಡ್ರು ಬರೆದು ಕೊಟ್ಟ ಮೇಲ್‌ಗೆ ಅಂಗಡಿಯವ್ರು ಹತ್ತು ದಿನದಲ್ಲಿ 24 ಯೂರೋ ವಾಪಸ್ ಹಾಕಿದ್ರು, ಇಲ್ಲಿ ಹೇಳೋದು ಮರ್ತಿದ್ದೆ, ಕ್ಷಮಿಸಿ. ಹುಣಸೂರಿನ ಹುಡುಗಿ ಅಮ್ಮನ ಹತ್ರ ಜಾಸ್ತಿ ದುಡ್ಡು ಕೇಳ್ಲಿಲ್ಲ ನಾನು. ಅವ್ಳು ಅದೇ ತಂತೀಲಿ ಸೀನಿಯರ್ ಪರೀಕ್ಷೆ ಪಾಸ್ ಮಾಡಿದ್ಳು. ಈಗ ಅದರ ಮೇಲಿನ ತಂತಿಗೆ ತುಕ್ಕು ಹಿಡ್ದಿದೆ, ಬದ್ಲಾಯಿಸ್ಬೇಕು. ಕ್ಲಿಯರಿಂಗ್ ಸರ್, 10ರ ದರ ಪೋಸ್ಟ್ ಪಾರ್ಸೆಲ್ಲಿಗೆ ಬೀಳೋಕೆ ಶುರುವಾದ ದಿನ ಇಲ್ಲೊಂದು ಸಾಲು ಹಾಕಿ ದಯವಿಟ್ಟು. ಈ ಸಲ ಒಂದೇ ಸೆಟ್, ಅವಳ ಹೆಸರಲ್ಲೇ, ವ್ಯಾಟ್ ಬಿಡಿಸಿ ಆರ್ಡರ್ ಮಾಡ್ತೀವಿ. ಲೆಕ್ಕ ಅವಳೇ ಹಾಕಿ ಇಟ್ಟಿದ್ದಾಳೆ.

ಕ್ಲಿಯರಿಂಗ್_ಬೆಂಗ್ಳೂರು
ಖಂಡಿತ ಹಾಕ್ತೀನಿ ಮೇಡಂ.